ಮಣೆಯಿಂದ ಏಳದವಳು

ಆ ಊರಿನ ಹೆಸರು ಬೇಡ. ಹೇಳಿದರೆ ನೀವು ಪಕ್ಕದೂರಿನವರ ಕಥೆ ಅಂದುಕೊಂಡು ಹಾಯಾಗಿ ಕೇಳುತ್ತೀರಿ. ಅಲ್ಲೊಬ್ಬ ಶ್ರೀಮಂತನಿದ್ದ. ಮೂರು ಅಂತಸ್ತಿನ ಸೀರೆ ಅಂಗಡಿ. ಮಹಾ ದೈವಭಕ್ತ. ಅಂಗಡಿಯಲ್ಲಿ ದೇವರಿಗೆ ಪೀಠ, ಗಿರಾಕಿಗೆ ಕುರ್ಚಿ, ಅವನಿಗೆ ಗಾದಿ. ಸೀರೆ ಬಿಡಿಸಿ ತೋರಿಸುವ ಹದಿನಾಲ್ಕು ಹೆಂಗಸರಿಗೆ? ನೆಲ. ಅದೂ ಕೂರುವುದಕ್ಕಲ್ಲ, ನಿಲ್ಲುವುದಕ್ಕೆ. ದಿನಕ್ಕೆ ಹನ್ನೊಂದು ಗಂಟೆ. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಕೂತವರನ್ನು ಕಂಡರೆ ಗಿರಾಕಿ ಏನಂದುಕೊಂಡಾರು ಎನ್ನುವುದು ಅವನ ವೇದಾಂತ.

ಪ್ರತಿ ಶ್ರಾವಣದಲ್ಲೂ ಒಂದು ಶುಕ್ರವಾರ ಅಂಗಡಿಯಲ್ಲೇ ಲಕ್ಷ್ಮೀಪೂಜೆ, ಐವರು ಮುತ್ತೈದೆಯರ ಪಾದಪೂಜೆ. ಒಂದು ವರ್ಷ ನಾಲ್ವರೇ ಬಂದರು. ಐದನೆಯವಳು ಬೇಕಲ್ಲ? ಹದಿನೆಂಟು ವರ್ಷದಿಂದ ಅಲ್ಲಿ ಸೀರೆ ತೋರಿಸುತ್ತಿದ್ದ ಹೆಂಗಸನ್ನು ಕರೆದು ಮಣೆಯ ಮೇಲೆ ಕೂರಿಸಿದರು. ನೋಡಿ, ಆ ಅಂಗಡಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಲಕ್ಷ್ಮಿಯಾದರೆ ಕೂರಬಹುದು, ಅಡ್ಡಿಯಿಲ್ಲ.

ಸಾಹುಕಾರ ನೀರು ಹಾಕಿದ, ಹೆಂಡತಿ ಅರಿಶಿನ ಹಚ್ಚಿದಳು. ಸೀರೆಯ ಅಂಚು ಸ್ವಲ್ಪ ಸರಿಯಿತು. ಕಣಕಾಲಿನಿಂದ ಮೇಲಕ್ಕೆ ಚರ್ಮದಡಿ ನೀಲಿ, ಕೆಂಪು ಗೆರೆಗಳು, ಜೇಡ ಬಲೆ ನೇಯ್ದ ಹಾಗೆ. ಅರಿಶಿನದ ಕೈ ನಿಂತಿತು. ಸಾಹುಕಾರನ ಹೆಂಡತಿ ಒಳ್ಳೆಯವಳು. ತನಗೂ ಹೀಗೇ ಆಗಿತ್ತು, ಲೇಸರ್ ಮಾಡಿಸಿಕೊಂಡೆ, ಈಗ ಗುರುತೂ ಇಲ್ಲ ಅಂದಳು. ಸಾಹುಕಾರನೂ ಕರಗಿದ. ಖರ್ಚೆಲ್ಲ ನನ್ನದು ಅಂದ. ಕರುಣಾಳು, ಅನುಮಾನವಿಲ್ಲ. ಪೂಜಿಸುವ ಪಾದ ಚೊಕ್ಕವಾಗಿರಬೇಡವೇ?

ಚರ್ಮದ ಡಾಕ್ಟರಮ್ಮ ಕಾಲು ನೋಡಿದರು, ಕೆಲಸ ಏನೆಂದು ಕೇಳಿದರು. ಆಮೇಲೆ ಹೇಳಿದರು: "ಇರೋ ಗೆರೆಗಳನ್ನ ಬೆಳಕು ಬಿಟ್ಟು ಮುಚ್ತೀನಮ್ಮ. ಹೊಸದು ಬರಬಾರದು ಅಂದ್ರೆ ಗಂಟೆಗೊಂದ್ಸಲ ಆದ್ರೂ ಕೂತ್ಕೋಬೇಕು. ಅದು ನನ್ನ ಮೆಷೀನ್ ಕೈಲಾಗಲ್ಲ." ಚೀಟಿಯಲ್ಲೂ ಹಾಗೇ ಬರೆದರು. ಸಾಹುಕಾರ ಚೀಟಿ ಓದಿದ. ಲೇಸರ್ ಅಂತ ಬರೆದಲ್ಲಿಗೆ ಒಪ್ಪಿದ. ಕೂರಬೇಕು ಅಂತ ಬರೆದಲ್ಲಿ ಅವನಿಗೆ ಕನ್ನಡಕ ಬೇಕಾಯಿತು, ಕನ್ನಡಕ ಮನೆಯಲ್ಲಿತ್ತು.

ಲೇಸರ್ ಆಯಿತು. ಸೂಜಿ ಚುಚ್ಚಿದ ಹಾಗೆ ಚುರುಗುಟ್ಟಿತು, ಕೆಲವು ತಿಂಗಳಲ್ಲಿ ಗೆರೆ ಮಾಸಿತು. ಅವಳು ಮತ್ತೆ ನಿಂತಳು. ಮುಂದಿನ ಶ್ರಾವಣಕ್ಕೆ ಮತ್ತೆ ಮಣೆ, ಮತ್ತೆ ಅರಿಶಿನ. ಅದೇ ಕಾಲಿನಲ್ಲಿ ಹೊಸ ಬಲೆ. ಸಾಹುಕಾರ ಬೇಸರಿಸಲಿಲ್ಲ. ಇನ್ನೊಂದು ಸಲ ಲೇಸರ್ ಮಾಡಿಸೋಣ ಅಂದ, ಪಾದ ತೊಳೆದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡ. ಮಂಗಳಾರತಿ ಆಯಿತು. ನಾಲ್ವರು ಎದ್ದರು. ಅವಳು ಏಳಲಿಲ್ಲ.

ಎದ್ದರೆ ಮತ್ತೆ ಹನ್ನೊಂದು ಗಂಟೆ. ಏಳದಿದ್ದರೆ ಹತ್ತೊಂಬತ್ತು ವರ್ಷದ ಕೆಲಸ ಹೋದ ಹಾಗೆ. ಗೊತ್ತಿದ್ದೇ ಕೂತಿದ್ದಳು.

"ಏಳಮ್ಮ, ಗಿರಾಕಿ ಬರ್ತಿದ್ದಾರೆ."

"ಬರ್ಲಿ ಸಾವ್ಕಾರ್ರೇ. ಸೀರೆ ಬಿಡಿಸೋದು ಕೈಯಿಂದ. ಗೆರೆ ಅಳಿಸಿದ್ರಿ, ನಿಮ್ಮ ಋಣ ಮರೆಯಲ್ಲ. ಆ ಗೆರೆ ಬರೆಸ್ತಾ ಇರೋರೂ ನೀವೇ. ಈ ಸಲ ಲೇಸರ್ ಬ್ಯಾಡ, ಮಣೆ ಇರ್ಲಿ."

ಬೈಯಬೇಕೆಂದು ಅವನು ಬಾಯಿ ತೆರೆದ. ಹೇಗೆ ಬೈಯುತ್ತಾನೆ ಹೇಳಿ? ಅವಳ ಪಾದದ ನೀರು ನೆತ್ತಿಯಿಂದ ಮೂಗಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಗಿರಾಕಿ ಬಂದೇಬಿಟ್ಟಳು. ಕೂತವಳನ್ನು ಕಂಡು ಗಿರಾಕಿ ಏನಂದಳು? ಇಷ್ಟು ವರ್ಷ ಆ ಅಂಗಡಿ ಹೆದರಿಕೊಂಡಿದ್ದ ಮಾತು ಅದು. "ಆ ಹಸಿರಂಚಿನದು ತೋರ್ಸಿ" ಅಂದಳು. ಅಷ್ಟೇ.

ಸಾಹುಕಾರ ಅಷ್ಟಕ್ಕೆ ಸೋಲುವವನೇ? ಮರುದಿನ ಮಣೆಗಳನ್ನು ದೇವರ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅವಳು ಮನೆಯಿಂದ ಒಂದು ಮಣೆ ತಂದಳು. ಅದನ್ನೂ ಕಿತ್ತುಕೊಂಡು ಬೀರುವಿಗೆ ಸೇರಿಸಿದ. ಮೂರನೆಯ ದಿನ ಹದಿನಾಲ್ಕು ಮಣೆ ಬಂದವು. ಬೀರುವಿನಲ್ಲಿ ಜಾಗವಿರಲಿಲ್ಲ.

ನಗುತ್ತಿದ್ದೀರಿ. ನಗಿ. ಸಾಹುಕಾರ ಯಾರು ಅಂದುಕೊಂಡಿರಿ? ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು ಕಾಫಿ ಕುಡಿಯುವುದು ಎಲ್ಲಿ? ಬಾಗಿಲಿಗೆ ಒರಗಿ, ನಿಂತು. ಅವಳಿಗೆ ಹಬ್ಬಕ್ಕೆ ಸೀರೆ ಕೊಡುತ್ತೀರಿ, ಕಾಯಿಲೆಯಾದರೆ ಔಷಧಿ ಕೊಡುತ್ತೀರಿ, ಕುರ್ಚಿ ಮಾತ್ರ ಕೊಡುವುದಿಲ್ಲ. ಲೇಸರ್ ತಪ್ಪು ಅನ್ನುತ್ತಿಲ್ಲ ನಾನು. ಗುರುತು ಅಳಿಸುವುದು ಸುಲಭದ ದಯೆ ಅನ್ನುತ್ತಿದ್ದೇನೆ. ಗುರುತು ಬೀಳದ ಹಾಗೆ ನಡೆದುಕೊಳ್ಳುವುದಕ್ಕೆ ನಮ್ಮ ಗಾದಿ ಸ್ವಲ್ಪ ಅಲುಗಬೇಕಾಗುತ್ತದೆ.

ನಾನಾದರೂ ಏನು? ಪ್ರವಚನಕ್ಕೆಂದು ಈ ಪೀಠದಲ್ಲಿ ಕೂತು ಒಂದು ಗಂಟೆಯಾಯಿತು. ನನಗೆ ನೀರಿನ ಲೋಟ ಹಿಡಿದ ತಾಯಿ ಅಲ್ಲಿ ಕಂಬದ ಪಕ್ಕ ಆಗಿನಿಂದ ನಿಂತೇ ಇದ್ದಾರೆ. ದೃಷ್ಟಾಂತ ಹೇಳುವವನ ಕಣ್ಣಿಗೂ ಈಗಷ್ಟೇ ಬಿದ್ದರು. ಬನ್ನಿ ತಾಯಿ, ಕೂತ್ಕೊಳ್ಳಿ. ಕೆಳಗಲ್ಲ, ಈ ಪೀಠ ಅಗಲವಾಗೇ ಇದೆ.

ನೀವು ಇವತ್ತು ಮನೆಗೆ ಹೋಗಿ ದೀಪ ಆಮೇಲೆ ಹಚ್ಚಿ. ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿರುತ್ತದಲ್ಲ, ಮೊದಲು ಅದನ್ನು ತೆಗೆದಿಡಿ. ನಾಳೆ ಕೆಲಸದವಳು ಬಂದಾಗ ಆ ಕುರ್ಚಿ ಎಳೆದು ಕೊಡಿ. ಕೂರು ಅನ್ನಿ. ಅವಳು ಬೇಡ ಅನ್ನುತ್ತಾಳೆ. ಇಷ್ಟು ವರ್ಷ ನೀವು ಕಲಿಸಿದ್ದು ಅದನ್ನೇ. ಅವಳು ಕೂರುವವರೆಗೆ ನೀವೂ ನಿಂತಿರಿ.