ಹಳದಿ ಎಳೆ ತಪ್ಪಿದ ಕಿಲ್ಟ್

ಹೇಳಿಕೆ ಕೊಡುತ್ತಿರುವವರು: ಜೆಸಿಮಾ ಡನ್‌ಬಾರ್, ತವರಿನ ಹೆಸರು ಸ್ವಾನ್ಸನ್, ವಯಸ್ಸು 52 ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ವಾಸ ಬಂದರಿನ ಮೇಲಿನ ಬೀದಿ, ವಿಕ್ ಪಟ್ಟಣ, ಕೇತ್‌ನೆಸ್, ಸ್ಕಾಟ್ಲೆಂಡ್.

ನನ್ನ ಅಣ್ಣ ಇನ್ನೆಸ್ ಸ್ವಾನ್ಸನ್ ಕಾಣೆಯಾಗಿದ್ದಾನೆಂದು 1992ರ ಜನವರಿಯಲ್ಲಿ ನಾನು ಮತ್ತು ನನ್ನ ತಾಯಿ ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೆವು. ಆ ದೂರಿನ ವಿಷಯವಾಗಿ ಠಾಣೆಯವರ ಗಮನಕ್ಕೆ ತರುವುದೇನೆಂದರೆ:

ನನ್ನ ತಾಯಿ ವಿಲಮಿನಾ ಸ್ವಾನ್ಸನ್ ಮನೆಯಲ್ಲೇ ಕೂತು ಊರಿನ ದರ್ಜಿ ಅಂಗಡಿಗೆ ಕಿಲ್ಟ್, ಅಂದರೆ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಣ್ಣೆ ಬಟ್ಟೆ, ಹೊಲಿದು ಕೊಡುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹರಡಿದ ದಿನ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಮ್ಮ ನಮ್ಮನ್ನು ಬೈಯುತ್ತಿದ್ದರು. ಕೆಲಸ ಮುಗಿದ ಮೇಲೆ ಕಚ್ಚಾ ಹೊಲಿಗೆಯ ದಾರ ಎಳೆಯುವುದು ನನ್ನ ಮತ್ತು ಅಣ್ಣನ ಪಾಲಿನ ಕೆಲಸ. ಒದ್ದೆ ಬಟ್ಟೆ ಹಾಸಿ ನೆರಿಗೆಯ ಮೇಲೆ ಇಸ್ತ್ರಿ ಒತ್ತಿದಾಗ ಮಳೆಯಲ್ಲಿ ನೆಂದ ಕುರಿ ಒಳಗೆ ಬಂದಂಥ ವಾಸನೆ ಮನೆಯಿಡೀ ತುಂಬುತ್ತಿತ್ತು. ಈಗಲೂ ನನಗೆ ಸಂಜೆ ಎಂದರೆ ಆ ವಾಸನೆಯೇ. ಅಮ್ಮ ಎಡಗೈಯವರು. ಅವರ ಹೊಲಿಗೆ ಬೇರೆಯವರದಕ್ಕೆ ತಿರುಗಾಗಿ ಓರೆ ಬೀಳುತ್ತಿತ್ತು.

ಅಣ್ಣನಿಗೆ ಹದಿನೆಂಟು ತುಂಬಿದಾಗ, ಅಂಗಡಿಯವರು ನೇಯ್ಗೆ ಸರಿಯಿಲ್ಲವೆಂದು ಬದಿಗೆ ಎಸೆದಿದ್ದ ತುಂಡನ್ನು ಅಮ್ಮ ಕಡಿಮೆಗೆ ತಂದರು. ಕಡು ಹಸಿರು ಮತ್ತು ನೀಲಿ ಚೌಕಳಿ, ನಡುವೆ ತೆಳು ಹಳದಿ ಗೆರೆ. ಒಂದು ಕಡೆ ಗೆರೆಯ ಒಂದು ಎಳೆ ತಪ್ಪಿತ್ತು. ಅಮ್ಮ ಅದನ್ನು ಮೂರನೆಯ ನೆರಿಗೆಯೊಳಗೆ ಮಡಚಿ ಮುಚ್ಚಿದರು. ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಆ ಕಿಲ್ಟ್ ಉಟ್ಟು ಅಣ್ಣ ಶನಿವಾರದ ಕುಣಿತಕ್ಕೆ ಹೋದರೆ, ತಿರುಗುವಾಗ ನೆರಿಗೆಗಳು ಬೀಸಣಿಗೆಯಂತೆ ಬಿಚ್ಚಿ ಮತ್ತೆ ಸರಿಯಾಗಿ ಕೂರುತ್ತಿದ್ದವು. ಅಮ್ಮ ಬಾಗಿಲ ಬಳಿ ನಿಂತು ಅವನನ್ನು ನೋಡುತ್ತಿರಲಿಲ್ಲ, ನೆರಿಗೆಯನ್ನು ನೋಡುತ್ತಿದ್ದರು. ಅಥವಾ ಹಾಗೆಂದು ಹೇಳುತ್ತಿದ್ದರು.

1991ರ ನವೆಂಬರ್‌ನಲ್ಲಿ ಅಪ್ಪ ಮತ್ತು ಅಣ್ಣ ಒಟ್ಟಿಗೆ ಮೀನು ದೋಣಿಯಲ್ಲಿ ಹೋಗಿದ್ದರು. ಬಲೆ ಎಳೆಯುವಾಗ ಅಪ್ಪ ನೀರಿಗೆ ಬಿದ್ದರು. ದೇಹ ಸಿಗಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ಇಟ್ಟುಕೊಂಡ ದಿನ ಅಣ್ಣ ಈ ಕಿಲ್ಟನ್ನೇ ಉಟ್ಟಿದ್ದ. ಪ್ರಾರ್ಥನೆ ಮುಗಿಸಿ ಹೊರಟವನು ಮನೆಗೆ ಬರಲಿಲ್ಲ. ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಜನವರಿಯವರೆಗೆ ಕಾದೆವು. ಕಾಣೆಯಾದಾಗ ಉಟ್ಟಿದ್ದ ಬಟ್ಟೆ ಎಂದು ದೂರಿನಲ್ಲಿ ಬರೆಸಿದ್ದು ಇದನ್ನೇ. ಅಮ್ಮ 2009ರಲ್ಲಿ ತೀರಿಕೊಂಡರು.

ಬರುವ ಜೂನ್ ಒಂದಕ್ಕೆ ನನ್ನ ಮಗಳು ಶೋನಾಳ ಮದುವೆ ಗೊತ್ತಾಗಿದೆ. ನನ್ನ ಗಂಡ ಗಿಲ್ಬರ್ಟ್‌ಗೆ (ಎಲ್ಲರೂ ಕರೆಯುವುದು ಗಿಬ್ ಎಂದು, ಲಾರಿ ಚಾಲಕ) ಕಿಲ್ಟ್ ಬೇಕಾಗಿತ್ತು. ಒಂದು ದಿನದ ಸಂಭ್ರಮಕ್ಕೆ ಬಾಡಿಗೆಯದು ಸಾಕೆಂದು ಅವನು ಹೇಳಿದ. ನಾನು ಒಪ್ಪಲಿಲ್ಲ.

“ಬಾಡಿಗೆ ಕಿಲ್ಟ್ ಉಟ್ಟು ನನ್ ಮಗಳ ಕೈ ಹಿಡ್ಕೊಂಡು ಚರ್ಚೊಳಗೆ ನಡೀತೀಯಾ? ಅಮ್ಮ ಗೋರಿಯಿಂದ ಎದ್ದು ಬಂದು ನಿನ್ ಸೊಂಟಕ್ಕೆ ಗುಂಡುಸೂಜಿ ಚುಚ್ತಾಳೆ.”

“ಚುಚ್ಲಿ ಬಿಡು. ಇಷ್ಟು ಹೊಟ್ಟೆ ದಾಟಿ ಸೊಂಟ ಸಿಗೋ ಹೊತ್ತಿಗೆ ಮದುವೆನೇ ಮುಗಿದಿರುತ್ತೆ,” ಎಂದ ಗಿಬ್.

ಏಪ್ರಿಲ್ 27, ಶನಿವಾರ ನಾವಿಬ್ಬರೂ ಕಾರಿನಲ್ಲಿ ಇನ್ವರ್ನೆಸ್‌ಗೆ ಹೋದೆವು. ಮೊದಲ ಅಂಗಡಿಯಲ್ಲಿ ಕೈಹೊಲಿಗೆಯ ಹೊಸ ಕಿಲ್ಟ್‌ಗಳಿದ್ದವು. ಬೆಲೆ ಕೇಳಿ ಇಬ್ಬರೂ ಒಟ್ಟಿಗೇ ವಂದಿಸಿ ಹೊರಬಂದೆವು. ಪ್ರವಾಸಿಗರ ಬೀದಿಯ ಎರಡನೆಯ ಅಂಗಡಿಯಲ್ಲಿ ಬೆಲೆ ಅಗ್ಗವಿತ್ತು, ಗಿಬ್‌ಗೆ ಹಿಡಿಸಿತು. ನಾನು ಅಂಚನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟೆ. ಉಣ್ಣೆಯಾಗಿದ್ದರೆ ಸುಕ್ಕು ತಾನಾಗಿ ಬಿಡುತ್ತದೆ. ಇದು ಬಿಡಲಿಲ್ಲ, ಕೈಗೆ ಚಟಚಟ ಎಂದಿತು. ನೆರಿಗೆಗಳಲ್ಲಿ ಚೌಕಳಿ ಒಂದಕ್ಕೊಂದು ಕೂಡಿರಲಿಲ್ಲ, ಕೆಳ ಅಂಚನ್ನು ಮಡಚಿ ಯಂತ್ರದಲ್ಲಿ ಹೊಲಿದಿದ್ದರು. ಒಳ್ಳೆಯ ಕಿಲ್ಟಿನ ಕೆಳ ಅಂಚು ಮಗ್ಗದಿಂದ ಬಂದ ಹಾಗೇ ಇರಬೇಕು, ಮಡಚಿದರೆ ಬೀಸುವುದಿಲ್ಲ. ಇದನ್ನು ಉಟ್ಟು ಒಲೆಯ ಹತ್ತಿರ ಹೋದರೆ ಕರಗಿ ಕಾಲಿಗೆ ಅಂಟುತ್ತದೆಂದು ಗಿಬ್‌ಗೆ ಹೇಳಿದೆ. ಅಂಗಡಿಯ ಹುಡುಗಿ ಕೇಳಿಸಿಕೊಂಡು, ತನಗೂ ಹಾಗೇ ಅನ್ನಿಸಿದೆಯೆಂದು ಮೆಲ್ಲಗೆ ಹೇಳಿ, ನದಿಯ ಆಚೆ ಊನಾ ಮಕ್ರೇ ಎಂಬುವರು ಹಳೆಯ ಕಿಲ್ಟ್ ಮಾರುತ್ತಾರೆ, ಅಲ್ಲಿ ನೋಡಿ ಎಂದಳು.

ಊನಾ ಮಕ್ರೇ ಅವರ ಅಂಗಡಿ ಚಿಕ್ಕದು. ಜನ ತಂದಿಟ್ಟ ಬಟ್ಟೆಯನ್ನು ಮಾರಿ, ತನ್ನ ಪಾಲು ಹಿಡಿದು ಉಳಿದದ್ದನ್ನು ಅವರಿಗೆ ಕೊಡುತ್ತಾರೆ. ಕೋಲಿಗೆ ತೂಗುಹಾಕಿದ್ದವುಗಳಲ್ಲಿ ಒಂದನ್ನು ತೆಗೆದುಕೊಂಡಾಗ ತೋಳು ಕೆಳಗೆ ಜಗ್ಗಿತು. ಒಳ್ಳೆಯ ಭಾರವಿತ್ತು. ಹಸಿರು ನೀಲಿಗೆ ಹಳದಿ ಗೆರೆ, ಎಲ್ಲ ಕಡೆ ಸಿಗುವಂಥದ್ದೇ, ಆದರೆ ಚೌಕಳಿ ನೆರಿಗೆಯಿಂದ ನೆರಿಗೆಗೆ ಸರಿಯಾಗಿ ಕೂಡಿತ್ತು. ಸೊಂಟದೊಳಗೆ ಗಟ್ಟಿ ಕ್ಯಾನ್ವಾಸ್, ತೊಗಲಿನ ಪಟ್ಟಿಗಳು ಮೂಲದವೇ. ಬೆಲೆ ನಮ್ಮ ಕೈಗೆಟುಕುವಂಥದ್ದು. ಇದೇ ಆಗಲಿ ಎಂದು ಗಿಬ್‌ಗೆ ಉಡಿಸಿದೆ. ಪಟ್ಟಿಗೂ ಬಕಲಿಗೂ ನಡುವೆ ಒಂದು ಗೇಣು ಹೊಟ್ಟೆ ಉಳಿಯಿತು.

“ಉಸಿರು ಬಿಗಿ ಹಿಡಿ,” ಎಂದೆ.

“ಮದುವೆ ಮುಗಿಯೋವರೆಗೂ ಹಿಡಿದ್ರೆ ನೀನು ವಿಧವೆ ಆಗ್ತೀಯ, ಜೆಸ್ಸಿ.”

ಸೊಂಟ ಬಿಚ್ಚಿ ಅಗಲಿಸಲು ಬಟ್ಟೆ ಇದೆಯೇ ಎಂದು ನೋಡಲು ನಾನು ಅವನ ಹಿಂದೆ ಮಂಡಿಯೂರಿ ನೆರಿಗೆಗಳನ್ನು ಒಂದೊಂದಾಗಿ ತೆರೆದೆ. ಹೊಲಿಗೆ ತಿರುಗಾಗಿ ಓರೆಯಿತ್ತು. ಮೂರನೆಯ ನೆರಿಗೆಯೊಳಗೆ ಹಳದಿ ಗೆರೆಯ ಒಂದು ಎಳೆ ಇರಲಿಲ್ಲ. ನಾನು ಅಲ್ಲೇ ಎಷ್ಟು ಹೊತ್ತು ಕೂತಿದ್ದೆ ಎಂದು ಹೇಳಲಾರೆ. ಗಿಬ್ ನನ್ನ ಹೆಸರು ಕರೆದು, ಸೂಜಿ ಚುಚ್ಚಿತೇ ಎಂದು ಕೇಳಿದ್ದು ನೆನಪಿದೆ.

ಇದನ್ನು ತಂದಿಟ್ಟವರು ಯಾರೆಂದು ಊನಾ ಮಕ್ರೇ ಅವರನ್ನು ಕೇಳಿದೆ. ಹೆಸರು ಹೇಳುವ ಹಾಗಿಲ್ಲವೆಂದರು. ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಫೋನ್ ಮಾಡಿ ಕರೆಸಬಲ್ಲೆ, ಬರುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದರು. ಕೊಳ್ಳುವವರು ಏನೋ ಕೇಳಬೇಕಂತೆ ಎಂದಷ್ಟೇ ಫೋನಿನಲ್ಲಿ ಹೇಳಿದರು. ನಾವು ಸುಮಾರು ಮುಕ್ಕಾಲು ಗಂಟೆ ಕಾದೆವು. ಗಿಬ್ ಕಿಲ್ಟ್ ಬಿಚ್ಚಲು ಮರೆತು ಹಾಗೇ ನಿಂತಿದ್ದ.

ಬಂದವರು ತೆಳ್ಳಗೆ, ಎತ್ತರವಾಗಿದ್ದರು, ಬೂಟಿಗೆ ತೋಟದ ಮಣ್ಣು ಮೆತ್ತಿತ್ತು. ದಾರಿಯಲ್ಲಿ ಸಿಕ್ಕಿದ್ದರೆ ನನಗೆ ಗುರುತಾಗುತ್ತಿರಲಿಲ್ಲ.

“ಏನೋ ಕೇಳ್ಬೇಕು ಅಂದ್ರಂತೆ?” ಎಂದರು.

ಏನು ಹೇಳಬೇಕೆಂದು ಲೆಕ್ಕ ಹಾಕಿಕೊಂಡಿದ್ದೆಲ್ಲ ಮರೆತುಹೋಯಿತು. “ಮೂರನೇ ನೆರಿಗೇಲಿ ಒಂದು ಎಳೆ ಇಲ್ಲ,” ಎಂದೆ.

“ಅದು ಹೊರಗೆ ಕಾಣಲ್ಲಮ್ಮ. ಹೊಲಿದೋರು ಗೊತ್ತಿದ್ದೇ…” ಎಂದು ಶುರುಮಾಡಿದವರು ನಿಂತರು. ನನ್ನ ಮುಖ ನೋಡಿದರು. “ಜೆಸ್ಸಿ?”

ಅಣ್ಣ ಕೋಟುಗಳ ರಾಶಿಯ ಮೇಲೆ ಕೂತುಬಿಟ್ಟ. ಊನಾ ಮಕ್ರೇ ಅಂಗಡಿ ಮುಚ್ಚಿದೆ ಎಂದು ಬಾಗಿಲ ಫಲಕ ತಿರುಗಿಸಿ, ಚಹಾ ಇಟ್ಟರು. ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ಬಹಳ ವರ್ಷ ಇದ್ದೆ, ಈಗ ಇಲ್ಲಿ ತೋಟದ ಕೆಲಸ, ಕಳೆದ ಚಳಿಗಾಲ ಎದೆಯ ಕಾಯಿಲೆಯಾಗಿ ಇಳಿದುಹೋದೆ, ಕಿಲ್ಟ್ ಎರಡು ಸುತ್ತು ಬರುತ್ತದೆ, ಅದಕ್ಕೇ ತಂದಿಟ್ಟೆ ಎಂದು ಅಣ್ಣ ಹೇಳಿದ. ಅಮ್ಮ ಹೇಗಿದ್ದಾರೆಂದು ಕೇಳಿದ. ಹೇಳಿದೆ. ಚಹಾದ ಲೋಟವನ್ನು ಕೆಳಗಿಟ್ಟ.

ಯಾಕೆ ಹೋದೆ ಎಂದು ನಾನು ಕೇಳಿದೆ.

“ಬಂದರಿನಿಂದ ಮನೆಗೆ ಬಂದಾಗ ಅಮ್ಮ ನನ್ ಮುಖ ನೋಡಿ ‘ನೀನೊಬ್ನೇ ಬಂದ್ಯಾ?’ ಅಂದ್ಳು. ಅಷ್ಟೇ. ಆಮೇಲೆ ಒಂದು ವಾರ ನನ್ಹತ್ರ ಮಾತಾಡ್ಲಿಲ್ಲ. ಅಪ್ಪನ್ನ ಬಿಟ್ಟು ನೀನ್ಯಾಕೆ ಬದುಕಿ ಬಂದೆ ಅಂತ ತಾನೇ ಅದರರ್ಥ?”

“ಅಮ್ಮಂಗೆ ಆಗ ಸುದ್ದಿನೇ ಗೊತ್ತಿರ್ಲಿಲ್ಲ ಅಣ್ಣಾ. ನಾನು ಅಲ್ಲೇ ಇದ್ನಲ್ಲ. ಒಲೆ ಮೇಲೆ ಮೀನು ಹುರೀತಿದ್ಳು. ಎಷ್ಟು ತಟ್ಟೆ ಇಡ್ಲಿ ಅಂತ ಕೇಳಿದ್ದು ಅದು. ನೀನು ಸೀದಾ ಒಳಗೆ ಹೋಗ್ಬಿಟ್ಟೆ. ಪಾದ್ರಿ ಬಂದು ಹೇಳಿದ್ದು ಆಮೇಲೆ. ಆ ವಾರ ಅವಳು ಯಾರ ಹತ್ರನೂ ಮಾತಾಡ್ಲಿಲ್ಲ, ನನ್ಹತ್ರನೂ.”

ಅಪ್ಪನ ಸುದ್ದಿಯನ್ನು ಬಂದರಿನವರು ತನಗಿಂತ ಮೊದಲೇ ಹೇಳಿರುತ್ತಾರೆಂದು ಎಣಿಸಿದ್ದಾಗಿ ಅಣ್ಣ ಹೇಳಿದ. ಇನ್ನೊಮ್ಮೆ ಅದನ್ನೇ ಹೇಳಿದ. ಕೊನೆಗಾಲದಲ್ಲಿ ಅಮ್ಮ ತನ್ನ ಬಗ್ಗೆ ಏನಾದರೂ ಅಂದಳೇ ಎಂದು ಕೇಳಿದ. ಅಮ್ಮನ ಮನಸ್ಸಿನಲ್ಲಿ ಅವನು ಅಪ್ಪನ ಹಾಗೆ ದಪ್ಪಗಾಗಿದ್ದ, ಕಿಲ್ಟಿನ ಬಕಲ್ ಸರಿಸಿ ಕೊಡಬೇಕೆಂದು ಹೊಸ ತೊಗಲು ಪಟ್ಟಿ ತರಿಸಿ ಇಟ್ಟುಕೊಂಡಿದ್ದಳು ಎಂದೆ. ಅದು ನಿಜ. ಅಣ್ಣ ನಗಲು ಹೋದ, ಆಗಲಿಲ್ಲ.

ಮದುವೆಗೆ ಕರೆದೆ. ಬರಲಾರೆ ಎಂದ. ಊರಿನವರ ಮುಖ ಹೇಗೆ ನೋಡಲಿ, ಅಪ್ಪನ ಕಾಲದ ಮೀನುಗಾರರ ಮಕ್ಕಳೆಲ್ಲ ಅಲ್ಲೇ ಇದ್ದಾರೆ ಎಂದ. ಆಗ ಗಿಬ್ ಮುಂದೆ ಬಂದ. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಿದ್ದು ಅದೇ ಮೊದಲು.

“ಭಾವ, ನಾನು ಗಿಬ್. ಎರಡು ಗಂಟೆಯಿಂದ ನಿಮ್ಮ ಕಿಲ್ಟೊಳಗೆ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೀನಿ. ಇದು ನನ್ ಕೈಲಾಗಲ್ಲ. ತಗೊಳ್ಳಿ, ನೀವೇ ಉಡಿ.”

ಅಣ್ಣ ನಕ್ಕ. ಆದರೂ ಬರುತ್ತೇನೆ ಎನ್ನಲಿಲ್ಲ. ನಾನು ಕಿಲ್ಟಿನ ಬೆಲೆ ಕೊಡಲು ಹೋದಾಗ ಊನಾ ಮಕ್ರೇ ತೆಗೆದುಕೊಳ್ಳಲಿಲ್ಲ, ಇದು ಇನ್ನು ಮಾರಾಟಕ್ಕಿಲ್ಲ ಎಂದರು. ಅದನ್ನು ಅಣ್ಣನ ಕೈಯಲ್ಲಿಟ್ಟು, ನನ್ನ ಫೋನ್ ಸಂಖ್ಯೆ ಕೊಟ್ಟು ಹೊರಟೆವು. ಗಿಬ್‌ಗೆ ಅದೇ ಅಂಗಡಿಯಲ್ಲಿ, ಹಿಂದೆ ಯಾರೋ ಕಟುಕನದಾಗಿದ್ದ ಅಗಲದ ಕಿಲ್ಟ್ ಸಿಕ್ಕಿತು. ಉಣ್ಣೆ ಚೆನ್ನಾಗಿದೆ, ಹೊಲಿಗೆ ಪರವಾಗಿಲ್ಲ.

ಎರಡು ವಾರ ಫೋನ್ ಬರಲಿಲ್ಲ. ನಾನು ಮಾಡಲಿಲ್ಲ, ಸಂಖ್ಯೆ ನನ್ನಲ್ಲಿರಲಿಲ್ಲ. ಶಾಲೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆನೆಂದು ಮಕ್ಕಳು ಗೊಣಗಿದರು. ಮೇ 11, ಶನಿವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದೆ. ಅಣ್ಣ ರೈಲಿನಲ್ಲಿ ಬಂದಿದ್ದ. ಕೈಯಲ್ಲಿ ಕಾಗದದ ಪೊಟ್ಟಣ. ಸೊಂಟ ಚಿಕ್ಕದು ಮಾಡಬೇಕು, ಮೂರನೇ ನೆರಿಗೆ ಮಾತ್ರ ಬಿಚ್ಚಬೇಡ ಎಂದ. ಆ ರಾತ್ರಿಯ ಊಟವನ್ನು ನಾವು ತೊಡೆಯ ಮೇಲಿಟ್ಟುಕೊಂಡೇ ಉಂಡೆವು, ಮೇಜಿನ ಮೇಲೆ ಬಟ್ಟೆ ಹರಡಿತ್ತು.

ಆದ್ದರಿಂದ ಮೇಲೆ ಹೇಳಿದ ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ. ಯಾರ ಮೇಲೂ ನನ್ನ ಆಕ್ಷೇಪಣೆ ಇಲ್ಲ. ಕಾನ್‌ಸ್ಟೆಬಲ್ ಮುನ್ರೊ ಅವರು ಬರೆದುಕೊಂಡ ಇದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ್ದೇ ಇದೆ, ಹೆಚ್ಚು ಸೇರಿಸಿಲ್ಲ, ಬಿಟ್ಟಿಲ್ಲ.

ಸ್ಥಳ: ವಿಕ್
ದಿನಾಂಕ: 13 ಮೇ 2024
ಸಹಿ: ಜೆಸಿಮಾ ಡನ್‌ಬಾರ್

ಸಾಕ್ಷಿ: ಇನ್ನೆಸ್ ಸ್ವಾನ್ಸನ್, ವಯಸ್ಸು 56 ವರ್ಷ, ತೋಟಗಾರ.
ವಿಳಾಸ: ಸದ್ಯಕ್ಕೆ ತಂಗಿಯ ಮನೆ.