ಹಸಿರು ದೀಪದ ದನಿ

ನಗ್ತಿಲ್ಲ ಕಣೇ ಪುಟ್ಟಿ! ಅಪ್ಪ ಐಸಿಯು ಒಳಗೆ ಹಾಗೆ ಮಲಗಿರುವಾಗ ಯಾವ ಅಕ್ಕ ನಗ್ತಾಳೆ? ದನಿ ಹೀಗಾಗಿಬಿಟ್ಟಿದೆ, ಏನ್ ಮಾಡ್ಲಿ... ಕಾಲ್ ಸೆಂಟರಲ್ಲಿ ಬೆಳಗಿಂದ ಸಂಜೆವರೆಗೆ ‘ನಮಸ್ಕಾರ, ನಿಮ್ಮ ಫ್ರಿಜ್‌ಗೆ ಏನಾಗಿದೆ ಹೇಳಿ’ ಅಂತ ನಗುನಗುತ್ತಾ ಅನ್ಬೇಕು. ಮೇಜಿನ ಮೇಲೆ ದೀಪ ಇದೆ. ದನಿಯಲ್ಲಿ ನಗು ಇದ್ರೆ ಹಸಿರು, ಇಲ್ದಿದ್ರೆ ಕೆಂಪು. ಕೆಲಸದ ಮಾತು ಬಿಟ್ಟು ಬೇರೆ ಆಡಿದ್ರೂ ಕೆಂಪೇ. ಮನುಷ್ಯರು ಕೇಳಿಸ್ಕೊಳಲ್ಲ, ಮೆಷಿನ್ನೇ ಕೇಳೋದು. ಒಂದೇ ದಿನ ಮೂರು ಸಲ ಕೆಂಪಾಯ್ತೋ, ಮಾರನೇ ದಿನ ಕಾರ್ಡ್ ಉಜ್ಜಿದ್ರೂ ಗೇಟ್ ತೆಗೆಯಲ್ಲ. ನನ್ನ ಪಕ್ಕದ ಸೀಟಿನವಳು ಹಾಗೇ ಕೆಲಸ ಕಳ್ಕೊಂಡಳು. ನೆಗಡಿಯಾಗಿತ್ತು ಪಾಪ, ಅಷ್ಟೇ.

ಕೂತ್ಕೋ. ಯಾಕೆ ನಿಂತೇ ಇದ್ದೀಯ?

ಡಾಕ್ಟರಿಗಾ? ಸಂಜೆ ಅಂತ ಹೇಳ್ದೆ. ನೋವು ಯಾವಾಗ ಶುರುವಾಯ್ತು, ಸರಿಯಾಗಿ ಹೇಳಿ, ಅದರ ಮೇಲೇ ಔಷಧಿ ಅಂದ್ರು. ನೀನು ಮನೆಗೆ ಬಂದು ನೋಡಿದ್ದು ಸಂಜೆ ತಾನೇ, ಅದಕ್ಕೆ... ಅದಕ್ಕೂ ಮುಂಚೆ ಏನಾಯ್ತೋ ನನಗೇನು ಗೊತ್ತು? ನನ್ನ ಮೊಬೈಲ್ ಲಾಕರಲ್ಲಿತ್ತು. ಯಾರ ಮೊಬೈಲನ್ನೂ ಒಳಗೆ ಬಿಡಲ್ಲ.

ಹೌದು, ಅಪ್ಪ ಕಂಪನಿ ನಂಬರಿಗೆ ಫೋನ್ ಮಾಡ್ತಿದ್ರು. ಚೆನ್ನಾಗಿರೋ ಫ್ರಿಜ್ ಕೆಟ್ಟೋಗಿದೆ ಅಂತ! ಯಾರಿಗೆ ಸಿಕ್ಕಿದ್ರೂ ನಮ್ಮ ಹುಡುಗಿಯರು ಗುರುತು ಹಿಡಿದು ನನ್ನ ಲೈನಿಗೆ ಹಾಕೋರು. ನಾನು ‘ಹೇಳಿ ಸರ್’ ಅನ್ನೋದು, ಅವರು ‘ತಣ್ಣಗಾಗ್ತಿಲ್ಲ ಮೇಡಂ’ ಅನ್ನೋದು... ಮಗಳ ದನಿ ಕೇಳಿದ್ರೆ ಸಾಕು ಅವರಿಗೆ. ಮನೆ ಮಾತು ಒಂದು ಬಂದ್ರೂ ನನಗೆ ಕೆಂಪು ಅಂತ ಅವರಿಗೂ ಗೊತ್ತಿತ್ತು.

ಇವತ್ತಾ? ಇವತ್ತು ಮಾಡ್ಲಿಲ್ಲ.

ಮಾಡ್ಲಿಲ್ಲ ಅಂದ್ನಲ್ಲ. ಎಷ್ಟು ಸಲ ಕೇಳ್ತೀಯೆ?

...ಅದು ಅಪ್ಪನ ಮೊಬೈಲಾ? ಎಲ್ಲಿ ಸಿಕ್ತು? ಕೊಡು ಇಲ್ಲಿ. ಯಾಕೆ ಹಾಗೆ ಮುಖಕ್ಕೆ ಹಿಡೀತೀಯ? ಮಧ್ಯಾಹ್ನ ಮಾಡಿರೋದು ಕಂಪನಿ ನಂಬರಿಗೆ, ಯಾರಿಗೆ ಹೋಯ್ತೋ ಏನೋ, ಅಷ್ಟು ಜನ ಇದ್ದೀವಿ... ಪುಟ್ಟಿ. ಬೇಕಾದ್ರೆ ಬೈಯಿ. ಹಾಗೆ ನೋಡ್ಬೇಡ ಕಣೇ.

ನನಗೇ ಬಂತು. ಮಧ್ಯಾಹ್ನ, ಊಟದ ಹೊತ್ತಿಗೆ. ಆಗಲೇ ಎರಡು ಸಲ ಕೆಂಪಾಗಿತ್ತು. ‘ಎದೆ ಹಿಡ್ಕೊಂಡಿದೆ ಮಗಳೇ’ ಅಂದ್ರು. ಆ ಲೈನಲ್ಲಿ ಯಾವತ್ತೂ ಮಗಳೇ ಅಂದಿರ್ಲಿಲ್ಲ. ಎದ್ದು ಓಡ್ಬೇಕು ಅನ್ನಿಸ್ತು... ಬಾಯಿ ಮಾತ್ರ, ಈ ಹಾಳು ಬಾಯಿ, ನಗ್ತಾನೇ ಅಂತು, ‘ನಾಳೆ ನಮ್ಮವರು ಬಂದು ನೋಡ್ತಾರೆ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?’ ಬಿಡುವು ಸಿಕ್ಕ ತಕ್ಷಣ ಓಡಿಹೋಗಿ ನಿನಗೆ ಫೋನ್ ಮಾಡೋಣ ಅಂದ್ಕೊಂಡೆ. ಒಂದು ಮುಗಿಯೋದ್ರೊಳಗೆ ಇನ್ನೊಂದು ಬಂತು, ಇನ್ನೊಂದು ಬಂತು...

ಬಾ, ಡಾಕ್ಟರಿಗೆ ಹೇಳೋಣ, ಮಧ್ಯಾಹ್ನವೇ ಶುರುವಾಗಿತ್ತು ಅಂತ. ಬಾರೇ...

ನಾನು ಹಾಗಂದದ್ದಕ್ಕೆ ಅಪ್ಪ ಏನಂದ್ರು ಗೊತ್ತಾ? ಮೆಲ್ಲಗೆ, ‘ಏನೂ ಬೇಡ ಮೇಡಂ’ ಅಂದ್ರು.