ಎರಡು ಬಡಿತದ ಉತ್ತರ

ಅವನು ಮೊದಲ ಸಲ ಕಾಲು ಕಿತ್ತದ್ದು ಒಂದು ಗುರುವಾರ. ಹನ್ನೆರಡು ವರ್ಷ ವಯಸ್ಸು, ಲೆಕ್ಕದ ಪೀರಿಯಡ್ಡು. "ನೀರು ಕುಡಿದು ಬರ್ತೀನಿ ಸಾರ್" ಅಂತ ಎದ್ದು ಹೋದವನು ನಾಲ್ಕು ವರ್ಷ ಬಿಟ್ಟು ಮನೆಗೆ ಬಂದ. "ಅಷ್ಟು ಹೊತ್ತು ಯಾವ ನೀರು ಕುಡೀತಾ ಇದ್ದೆಯೋ?" ಅಂತ ಅವನ ಅಕ್ಕ ಈಗಲೂ ಹಂಗಿಸುತ್ತಾಳೆ. ಆಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಊರೂರು ಸುತ್ತಿದ. ಎಲ್ಲೂ ಮೂರು ತಿಂಗಳು ನಿಂತವನಲ್ಲ. ಅಕ್ಕನ ಮಗಳು ಅವನಿಗೆ ಇಟ್ಟ ಹೆಸರು ಚಕ್ರಮಾಮ.

ಆ ಚಕ್ರಮಾಮನ ಕಿವಿಗೇ ಬಿದ್ದ ಸಂಗತಿ ಇದು. ಸ್ವಲ್ಪ ಹತ್ತಿರ ಬನ್ನಿ… ಜೋರಾಗಿ ಹೇಳುವಂಥದ್ದಲ್ಲ.

ಅಕ್ಕನ ಮಗಳಿಗೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಗುಂಡಿಗೆ ಕಾಜ ಹಾಕುವ ಮಿಷನ್ನು ಅವಳದು, ಅದಕ್ಕೇ ಮಾಮನ ಬಾಯಲ್ಲಿ ಅವಳು 'ಗುಂಡಿ'. ಆ ಎರಡು ವರ್ಷ ದಿನಾ ಸಂಜೆ ಏಳೂವರೆಗೆ ಕರೆಂಟು ಹೋಗುತ್ತಿತ್ತು, ಬರುವುದು ಒಂಬತ್ತಕ್ಕೆ. ಹುಡುಗಿಯರು ಕೆಲಸ ಬಿಡುವುದೂ ಏಳೂವರೆಗೇ. ಕಾರ್ಖಾನೆಯಿಂದ ಒಂದು ಉದ್ದನೆಯ ಓಣಿ, ಎರಡೂ ಕಡೆ ಮನೆಗಳು. ಮನೆಗಳ ಸಾಲು ಮುಗಿದ ಮೇಲೆ ನೂರು ಹೆಜ್ಜೆ ಬಯಲು. ಬಯಲಿನ ನಡುವೆ ಹಳೇ ಬಾವಿ. ಅದನ್ನು ದಾಟಿದರೆ ಒಂಟಿ ಮನೆ, ಅಕ್ಕನದು.

ಕತ್ತಲೆಗೆ ಆ ಹುಡುಗಿಯರು ಒಂದು ಉಪಾಯ ಮಾಡಿಕೊಂಡಿದ್ದರು. ನಡೆಯುವವಳು ಊಟದ ಡಬ್ಬಿಯ ಮೇಲೆ ಚಮಚದಿಂದ ಮೂರು ಸಲ ಬಡಿಯಬೇಕು. ಟಣ್ ಟಣ್ ಟಣ್. ಅಂದರೆ, ನಾನಿದ್ದೀನಿ, ಕೇಳಿಸ್ತಾ? ಕೇಳಿಸಿಕೊಂಡ ಮನೆಯವರು ಕಿಟಕಿ ಸರಳಿಗೆ ಎರಡು ಸಲ ಬಡಿಯಬೇಕು. ಠಣ್ ಠಣ್. ಕೇಳಿಸ್ತು, ಬಾ. ಹೀಗೆ ಒಂದು ಸದ್ದು ಬಿಟ್ಟು ಇನ್ನೊಂದು ಸದ್ದು ಹಿಡಿದು ಮನೆ ಸೇರುತ್ತಿದ್ದರು. ಬಾವಿಯ ಹತ್ತಿರ ಬಡಿದರೆ ಕೇಳಿಸುವುದು ಅಕ್ಕನ ಕಿಟಕಿಗೆ ಮಾತ್ರ.

ಮೊದಲನೇ ವರ್ಷವೇ, ಗುಂಡಿಯನ್ನು ನೋಡಲು ಬರುತ್ತಿದ್ದ ಕಾಲರ್ ಮಿಷನ್ನಿನ ಹುಡುಗಿ ಅಲ್ಲಿಂದ ಬಡಿದಿದ್ದಳು. ಅಕ್ಕನಿಗೆ ಕೇಳಿಸಿತ್ತು. ಕೈಯೆಲ್ಲಾ ಹಿಟ್ಟು. ತೊಳ್ಕೊಂಡು ಬಡಿಯೋಣ ಅಂತ ನೀರಿಗೆ ಕೈ ಹಾಕಿದಳು. ಆಚೆಯಿಂದ ಮತ್ತೆ ಮೂರು… ಮತ್ತೆ ಮೂರು… ಬೇಗ ಬೇಗ. ಅಕ್ಕ ಕಿಟಕಿಗೆ ಬರುವಷ್ಟರಲ್ಲಿ ನಿಂತುಹೋಗಿತ್ತು. ಯಾರೋ ಕೈ ಹಾಕಿ ಎಳೆದಿರಬೇಕು, ಬಿಡಿಸಿಕೊಂಡು ಓಡುವಾಗ ಹುಡುಗಿ ಬಾವಿಗೆ ಬಿದ್ದು ಸತ್ತಿದ್ದಳು. ಅವನು ಸಿಗಲಿಲ್ಲ. ಡಬ್ಬಿಯೂ ಸಿಗಲಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದರು. ಅವತ್ತಿನಿಂದ ಅಕ್ಕ ಸಂಜೆ ಹಿಟ್ಟು ಮುಟ್ಟಿಲ್ಲ.

ಈಗ ಆ ಸಂಜೆಗೆ ಬನ್ನಿ. ಅಕ್ಕ ಹುಷಾರಿಲ್ಲದ ಚಿಕ್ಕಮ್ಮನನ್ನು ನೋಡಲು ಹೊರಟಿದ್ದಳು.

"ಕಿಟಕೀಲಿ ಇವತ್ತು ನಾನಿರಲ್ಲ ಕಣೋ. ಏಳೂಕಾಲಿಗೇ ಗೇಟ್ ಹತ್ರ ನಿಂತ್ಕೋ. ಅವಳನ್ನ ಕರ್ಕೊಂಡೇ ಬಾ."

"ಆಯ್ತು ಮಾರಾಯ್ತಿ. ಎಷ್ಟು ಸಲ ಹೇಳ್ತೀಯ?"

"ನೀರು ಕುಡಿಯೋಕೆ ಹೋಗಬೇಡ."

ಅವನು ಹೋದದ್ದು ಚಹಾ ಕುಡಿಯಲು. ಅಲ್ಲೊಬ್ಬ ಲಾರಿಯವನು ಸಿಕ್ಕಿದ, ದೂರದ ದಾರಿಯವನು. ದಾರಿಯ ಮಾತು ಬಂದರೆ ಚಕ್ರಮಾಮನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಅಂಗಡಿಯ ಬಲ್ಬು ಪಕ್ಕನೆ ಆರಿದಾಗಲೇ ಹೊತ್ತು ಎಷ್ಟಾಯಿತೆಂದು ಗೊತ್ತಾದದ್ದು.

ಓಡಿದ. ಗೇಟಿನಲ್ಲಿ ವಾಚ್‌ಮನ್ ಮೊಂಬತ್ತಿ ಹಚ್ಚುತ್ತಿದ್ದ.

"ಕಾಜದ ಹುಡುಗಿನಾ? ಕಾದು ಕಾದು ಈಗ ಹೋದ್ಲಲ್ಲಪ್ಪ. ಒಬ್ಳೇ."

ಓಣಿ ಡಾಂಬರು ಬಳಿದಷ್ಟು ಕಪ್ಪಾಗಿತ್ತು. ಟಾರ್ಚ್ ಇಲ್ಲ. ಗೋಡೆ ತಡವುತ್ತಾ ನಡೆದ. ದೂರದಲ್ಲಿ… ಟಣ್ ಟಣ್ ಟಣ್. ಗುಂಡಿಯ ಡಬ್ಬಿ. ಒಂದು ಕಿಟಕಿ ಉತ್ತರ ಕೊಟ್ಟಿತು, ಠಣ್ ಠಣ್. ಸದ್ಯ. ಮತ್ತೆ ಮೂರು. ಮತ್ತೆ ಎರಡು. ಪ್ರತಿ ಸಲವೂ ಸದ್ದು ಅವನಿಂದ ಇನ್ನಷ್ಟು ದೂರ.

ಕೊನೆಯ ಮನೆ ದಾಟಿದ. ಎದುರಿಗೆ ಬಯಲು.

ಟಣ್ ಟಣ್ ಟಣ್.

ಉತ್ತರ ಇಲ್ಲ. ಕೊಡಬೇಕಾದ ಕಿಟಕಿಯಲ್ಲಿ ಇವತ್ತು ಯಾರೂ ಇಲ್ಲವಲ್ಲ…

ಆಗ ಕಂಡಿತು. ಬಾವಿಯ ಕಟ್ಟೆಯ ಪಕ್ಕ ಒಂದು ಕೆಂಪು ಚುಕ್ಕೆ. ಸಿಗರೇಟಿನ ತುದಿ. ಒಮ್ಮೆ ದೊಡ್ಡದಾಯಿತು. ಕೆಳಗೆ ಬಿತ್ತು. ಚಪ್ಪಲಿಯಡಿ ಸರಕ್ಕನೆ ಉಜ್ಜಿದ ಸದ್ದು.

ಕೂಗಬೇಕು. ಓಡಬೇಕು. ಎರಡೂ ಆಗಲಿಲ್ಲ. ಇಷ್ಟೂರು ತಿರುಗಿದ ಕಾಲು ಆ ಹೊತ್ತಿಗೆ ಮೇಲೇಳಲಿಲ್ಲ.

ಟಣ್ ಟಣ್ ಟಣ್… ಮತ್ತೆ, ಬೇಗ ಬೇಗ.

ಟಪ್… ಟಪ್.

ಎರಡು. ಬಾವಿಯ ಕಡೆಯಿಂದ. ಸರಳಿನ ಸದ್ದಲ್ಲ. ನೀರು ತುಂಬಿದ ಡಬ್ಬಿಯ ಮೇಲೆ ಚಮಚ ಬಡಿದರೆ ಹೇಗೋ ಹಾಗೆ, ಮಂದ.

ಗುಂಡಿ ಮತ್ತೆ ಮೂರು ಬಡಿದಳು, ಈ ಸಲ ಗಟ್ಟಿಯಾಗಿ. ಟಪ್… ಟಪ್. ಈಗ ಅದು ಬಾವಿಯ ಒಳಗಿಲ್ಲ. ಕಟ್ಟೆಯ ಮೇಲಿದೆ. ಹುಡುಗಿಯ ಹೆಜ್ಜೆ ಚುರುಕಾಯಿತು. ಟಪ್… ಟಪ್. ಕಟ್ಟೆ ಇಳಿದಿದೆ. ಸಿಗರೇಟು ಬಿದ್ದ ಜಾಗದಲ್ಲೇ ಇದೆ…

ಒಬ್ಬ ಗಂಡಸು ಕರು ಅರಚಿದ ಹಾಗೆ ಅರಚಿದ.

ಆ ಕೂಗಿಗೇ ಚಕ್ರಮಾಮನ ಕಾಲು ಬಂದದ್ದು. ಎದುರಿನಿಂದ ದಡದಡ ಓಡಿ ಬಂದವನು ನೇರ ಮಾಮನ ಎದೆಗೇ ಗುದ್ದಿದ. ಇಬ್ಬರೂ ಬಿದ್ದರು. ಮಾಮ ಅವನ ಸೊಂಟ ಅಪ್ಪಿ ಹಿಡಿದ. ಬಿಡಿಸಿಕೊಳ್ಳುವ ಯೋಚನೆಯೇ ಅವನಿಗಿರಲಿಲ್ಲ.

"ಬಡಿಯೋದು ನಿಲ್ಸೋಕೆ ಹೇಳಿ ಅವಳಿಗೆ…" ಪಿಸುಗುಟ್ಟಿದ.

"ಯಾರಿಗೆ?"

"ಬಿದ್ಲಲ್ಲ… ಹೋದ ವರ್ಷ. ನಾನು ತಳ್ಳಲಿಲ್ಲ, ಕೈ ಹಿಡಿದೆ ಅಷ್ಟೆ. ಈಗ ಅವಳು ನನ್ನ ಕೈ ಹಿಡಿದ್ಲು…"

ಓಣಿಯವರು ದೀಪ ಹಿಡಿದು ಬಂದರು. ನೋಡಿದರೆ, ಕಾರ್ಖಾನೆಗೆ ಬಟ್ಟೆ ತರುವ ವ್ಯಾನಿನ ಡ್ರೈವರ್. ದಿನಾ ಹುಡುಗಿಯರ ಹತ್ತಿರ ನೀರು ಕೇಳಿ ಕುಡಿಯುತ್ತಿದ್ದವನು. ಅಕ್ಕ ಬಸ್ಸು ಹತ್ತಿದ್ದನ್ನು ನೋಡಿದ್ದನಂತೆ. ಪೊಲೀಸರು ಬರುವ ತನಕ 'ಬಡಿಯೋದು ನಿಲ್ಸಿ' ಅಂತ ಹೇಳುತ್ತಲೇ ಇದ್ದ. ಮಳೆ ಬಿದ್ದು ಎರಡು ತಿಂಗಳಾಗಿತ್ತು. ಅವನ ಬಲಗೈ ಮಾತ್ರ ಮೊಣಕೈವರೆಗೆ ನೆನೆದು ನೀರು ತೊಟ್ಟಿಕ್ಕುತ್ತಿತ್ತು.

ಗುಂಡಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಡಬ್ಬಿ ಮಡಿಲಲ್ಲಿ.

"ಮಾಮ, ಗೇಟಿಗೆ ಬರಲಿಲ್ಲ ಅಂತ ಸಿಟ್ಟು ಬಂದಿತ್ತು. ಬಾವಿ ಹತ್ರಾನೇ ನಿಂತು ಉತ್ತರ ಕೊಟ್ಟೆಯಲ್ಲ, ಹೋಗಲಿ ಬಿಡು."

ಅವನ ಹತ್ತಿರ ಚಮಚವೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಅವಳ ತಲೆ ಸವರಿ ಒಳಗೆ ಹೋದ.

ರಾತ್ರಿ ಅಕ್ಕ ಬಂದಳು. ಎಲ್ಲವನ್ನೂ ಹೇಳಿದ, ಚಹಾದ ಅಂಗಡಿಯನ್ನೂ ಬಿಡದೆ. ಅಕ್ಕ ಬೈಯುತ್ತಾಳೆ ಅಂತ ಕಾದ. ಅವಳು ಕೇಳಿದ್ದು ಒಂದೇ ಮಾತು.

"ಎರಡೇ ಬಡಿತ ತಾನೇ?"

"ಎರಡೇ ಅಕ್ಕ."

"ಅವಳಿಗೆ ಅಷ್ಟೇ ಸಾಕಿತ್ತು ಕಣೋ, ಅವತ್ತು."

ಮೂರನೇ ದಿನ ಬೆಳಿಗ್ಗೆ ಅವನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಆರೂವರೆ ಗಂಟೆ. ಕರೆಂಟು ಇತ್ತು, ಬಲ್ಬು ಉರಿಯುತ್ತಿತ್ತು. ಗುಂಡಿ ಹಾಸಿಗೆಯಲ್ಲಿ ಮಲಗಿದ್ದಳು, ಅವಳ ಡಬ್ಬಿ ಕಪಾಟಿನ ಮೇಲಿತ್ತು. ತಮ್ಮನ ದಾರಿಗೆ ರೊಟ್ಟಿ ಆಗಲಿ ಅಂತ ಅಕ್ಕ ಹಿಟ್ಟು ನಾದುತ್ತಿದ್ದಳು.

ಬಾವಿಯ ಕಡೆಯಿಂದ ಬಂತು. ಟಪ್… ಟಪ್… ಟಪ್.

ಮೂರು.

ಅಕ್ಕ ಕೈ ತೊಳೆಯಲಿಲ್ಲ. ಹಾಗೇ ಎದ್ದು ಹೋಗಿ ಕಿಟಕಿ ಸರಳಿಗೆ ಲಟ್ಟಣಿಗೆಯಿಂದ ಬಡಿದಳು. ಠಣ್ ಠಣ್. ನಿಂತು ಕಿವಿಗೊಟ್ಟಳು. ಮತ್ತೆ ಸದ್ದು ಬರಲಿಲ್ಲ.

ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಂಬದವರು ಆ ಮನೆಗೆ ಹೋಗಿ ನೋಡಬಹುದು, ಹಿಟ್ಟು ಇನ್ನೂ ಆ ಸರಳಿಗೆ ಒಣಗಿ ಅಂಟಿಕೊಂಡಿದೆ, ಅಕ್ಕ ಕೆರೆಯಲು ಬಿಡುವುದಿಲ್ಲ. ಅವತ್ತು ಚಕ್ರಮಾಮ ಕೊನೆಯ ಅಂಗಿ ಮಡಚಿ ಚೀಲಕ್ಕೆ ಹಾಕಿ, ದಾರ ಎಳೆದು ಕಟ್ಟಿದ.